ಮೊದಲ ಗೇಮಿಂಗ್ ಪಿಸಿಗೆ ಮದರ್‌ಬೋರ್ಡ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಸಿ ಜೋಡಿಸಲು ಹೊರಟವರು ಗ್ರಾಫಿಕ್ಸ್ ಕಾರ್ಡ್ ಬಗ್ಗೆ ತಿಂಗಳುಗಟ್ಟಲೆ ಓದಿರುತ್ತಾರೆ, ಪ್ರೊಸೆಸರ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಇವೆಲ್ಲ ಕೂರುವ ಮದರ್‌ಬೋರ್ಡ್ ಹತ್ತಿರ ಬಂದಾಗ ಮಾತ್ರ ಕೈ ನಿಂತುಬಿಡುತ್ತದೆ. ಒಂದೇ ಚಿಪ್‌ಸೆಟ್ ಹೆಸರಿನಲ್ಲಿ ಇಪ್ಪತ್ತು ಬೋರ್ಡ್, ಬೆಲೆಯಲ್ಲಿ ದುಪ್ಪಟ್ಟು ಅಂತರ, ಬಾಯಿಪಾಠ ಮಾಡಿದರೂ ನೆನಪಿರದ ಹೆಸರುಗಳು. ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗ ರಜೆಯಲ್ಲಿ ತನ್ನ ಮೊದಲ ಪಿಸಿ ಜೋಡಿಸುವಾಗ ಫೋನ್ ಮಾಡಿ ಮಾಡಿ ಕೇಳಿದ ಪ್ರಶ್ನೆಗಳೇ ಇಲ್ಲಿ ಹೆಚ್ಚಿವೆ. ಮಿಕ್ಕವು ಬೇರೆ ಬೇರೆ ಹುಡುಗ ಹುಡುಗಿಯರು ಕೇಳಿದ್ದು.

ಒಳ್ಳೆಯ ಮದರ್‌ಬೋರ್ಡ್ ಹಾಕಿದರೆ ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಸಂಖ್ಯೆ) ಜಾಸ್ತಿ ಬರುತ್ತದಾ?

ಇಲ್ಲ. ಅದೇ ಪ್ರೊಸೆಸರ್, ಅದೇ ಗ್ರಾಫಿಕ್ಸ್ ಕಾರ್ಡ್, ಅದೇ ರ‍್ಯಾಮ್ ಇಟ್ಟುಕೊಂಡು ಬೋರ್ಡ್ ಮಾತ್ರ ಬದಲಾಯಿಸಿದರೆ ಆಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಇರುವುದಿಲ್ಲ. ಬೋರ್ಡ್ ತೀರಾ ಕಳಪೆಯಾಗಿದ್ದು ಪ್ರೊಸೆಸರ್‌ಗೆ ಬೇಕಾದ ಕರೆಂಟ್ ಕೊಡಲಾಗದೆ ಬಿಸಿಯಾಗಿ ಸುಸ್ತಾದರೆ ಮಾತ್ರ ಎಫ್‌ಪಿಎಸ್ ಬೀಳುತ್ತದೆ. ಅಂದರೆ ಬೋರ್ಡಿನಿಂದ ವೇಗ ಕೂಡುವುದಿಲ್ಲ, ಕಳೆಯಬಹುದು ಅಷ್ಟೆ.

ಹಾಗಾದರೆ ಸಿಕ್ಕಿದ್ದರಲ್ಲಿ ಅಗ್ಗದ್ದು ತಗೊಂಡರಾಯಿತಲ್ಲ ಅನ್ನಬಹುದು. ಅಲ್ಲೇ ಒಂದು ತೊಡಕಿದೆ. ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಲು ಒಂದೆರಡು ಸ್ಕ್ರೂ ಬಿಚ್ಚಿದರೆ ಸಾಕು. ರ‍್ಯಾಮ್‌ಗೆ ಅದೂ ಬೇಡ. ಬೋರ್ಡ್ ಬದಲಾಯಿಸಬೇಕೆಂದರೆ ಇಡೀ ಪಿಸಿಯನ್ನು ಬಿಚ್ಚಿ ಹರವಿ ಮತ್ತೆ ಜೋಡಿಸಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇದು: ಆಮೇಲೆ ಸೇರಿಸಲು ಬಾರದ್ದಕ್ಕೆ ಈಗ ದುಡ್ಡು ಕೊಡಿ, ಆಮೇಲೆ ಸೇರಿಸಲು ಬರುವುದಕ್ಕೆ ಈಗ ಬೇಡ. ಕರೆಂಟ್ ಕೊಡುವ ಸರ್ಕ್ಯೂಟ್, ರ‍್ಯಾಮ್ ಸ್ಲಾಟ್, ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ), ಬಯೋಸ್ (ಪಿಸಿಯನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಬಟನ್ ಇವೆಲ್ಲ ಆಮೇಲೆ ಬರುವುದಿಲ್ಲ. ವೈಫೈ, ಬಣ್ಣದ ದೀಪ, ಸೌಂಡ್ ಕಾರ್ಡ್ ಯಾವತ್ತು ಬೇಕಾದರೂ ಬರುತ್ತವೆ.

ಒಟ್ಟು ಬಜೆಟ್‌ನಲ್ಲಿ ಬೋರ್ಡಿಗೆ ಎಷ್ಟು ತೆಗೆದಿಡಬೇಕು?

ನಾನು ನೋಡುವುದು ಒಂದನ್ನೇ: ಬೋರ್ಡಿನ ಬೆಲೆ ಪ್ರೊಸೆಸರ್ ಬೆಲೆಯನ್ನು ದಾಟುತ್ತಿದೆಯಾ? ದಾಟುತ್ತಿದ್ದರೆ ಕಾರ್ಟ್‌ನಿಂದ ತೆಗೆದು ಒಂದು ಮೆಟ್ಟಿಲು ಕೆಳಗಿನದನ್ನು ನೋಡುತ್ತೇನೆ. ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಆಟ ಓಡಿಸುವುದು ಅದೇ.

ಮೊದಲು ಯಾವುದನ್ನು ಆರಿಸಬೇಕು, ಪ್ರೊಸೆಸರ್ರಾ ಬೋರ್ಡಾ?

ಪ್ರೊಸೆಸರ್. ಅದು ನಿಶ್ಚಯವಾದರೆ ಅದು ಕೂರುವ ಸಾಕೆಟ್ ತಾನಾಗಿಯೇ ನಿಶ್ಚಯವಾಗುತ್ತದೆ, ಏಕೆಂದರೆ ಒಂದು ಸಾಕೆಟ್ಟಿನ ಪ್ರೊಸೆಸರ್ ಇನ್ನೊಂದರಲ್ಲಿ ಕೂರುವುದಿಲ್ಲ. ಈಗ ಅಂಗಡಿಗಳಲ್ಲಿ ಕಾಣುವ ಸಾಕೆಟ್‌ಗಳು ಮುಖ್ಯವಾಗಿ ನಾಲ್ಕು. ಎಎಂಡಿಯಲ್ಲಿ ಎಎಂ4, ಎಎಂ5. ಇಂಟೆಲ್‌ನಲ್ಲಿ ಎಲ್‌ಜಿಎ 1700, ಎಲ್‌ಜಿಎ 1851.

ಎಎಂ4 ಸಾಕೆಟ್ಟಿಗೆ ಎಎಂಡಿಯ ರೈಜನ್ ಪ್ರೊಸೆಸರ್ ಬಂದದ್ದು 2017ರಲ್ಲಿ. ಆ ವರ್ಷ ಬಿ350 ಬೋರ್ಡ್ ಕೊಂಡವರಲ್ಲಿ ಬಹಳ ಜನ 2022ರಲ್ಲಿ ಬಯೋಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿನ ಮೇಲೆ ರೈಜನ್ 7 5800ಎಕ್ಸ್3ಡಿ ಕೂರಿಸಿದರು. ಐದು ವರ್ಷದ ಹಳೆಯ ಬೋರ್ಡಿನ ಮೇಲೆ ಆ ಹೊತ್ತಿನ ಅತ್ಯುತ್ತಮ ಗೇಮಿಂಗ್ ಪ್ರೊಸೆಸರ್‌ಗಳಲ್ಲೊಂದು! ಮಧ್ಯಮ ವರ್ಗದ ಮನೆಯ ಹುಡುಗನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ. ಎಎಂ5 ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, 2027ರವರೆಗಂತೂ ಅದನ್ನು ಮುಂದುವರಿಸುತ್ತೇವೆ ಎಂದು ಎಎಂಡಿ ಹೇಳಿದೆ.

ಎಲ್‌ಜಿಎ 1700 ಮೇಲೆ 12, 13, 14ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳು ಬಂದವು. 12ನೆಯದು 2021ರ ಕೊನೆಗೆ, 14ನೆಯದು 2023ರ ಅಕ್ಟೋಬರ್‌ನಲ್ಲಿ. ಆಮೇಲೆ 2024ರ ಅಕ್ಟೋಬರ್‌ನಲ್ಲಿ ಕೋರ್ ಅಲ್ಟ್ರಾ 200 ಸಾಲಿಗೆ ಸಾಕೆಟ್ ಬದಲಾಗಿ 1851 ಆಯಿತು.

ನನ್ನ ಅಭಿಪ್ರಾಯ ಕೇಳಿದರೆ, ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ದರೆ ಎಎಂ5. ದುಡ್ಡು ಬಿಗಿಯಾಗಿದ್ದರೆ ಎಎಂ4 ಬೋರ್ಡಿನ ಮೇಲೆ ರೈಜನ್ 5 5600, ಇಲ್ಲವೇ 1700 ಬೋರ್ಡಿನ ಮೇಲೆ ಐ5-12400ಎಫ್. ಇವೆರಡೂ ಹಳೆಯವೇ. ಆದರೂ 1080ಪಿ ಪರದೆಯಲ್ಲಿ ಆಡುವವರಿಗೆ ಇವತ್ತಿಗೂ ಸಾಲುತ್ತವೆ.

ಬಿ650, ಎ620, ಝಡ್790, ಎಚ್610. ಈ ಅಕ್ಷರಗಳ ಅರ್ಥವೇನು?

ಅವು ಚಿಪ್‌ಸೆಟ್ ಹೆಸರುಗಳು. ಬೋರ್ಡಿನ ಮೇಲೆ ಎಷ್ಟು ಯುಎಸ್‌ಬಿ, ಎಷ್ಟು ಸ್ಟೋರೇಜ್, ಏನೇನು ಸೆಟ್ಟಿಂಗ್ ಬದಲಾಯಿಸಬಹುದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ಚಿಪ್ ಅದು.

ಎಎಂಡಿಯಲ್ಲಿ ಎ ಅಂದರೆ ಕೆಳ ಮೆಟ್ಟಿಲು, ಬಿ ಮಧ್ಯದ್ದು, ಎಕ್ಸ್ ಮೇಲಿನದು. ಎ620 ಬೋರ್ಡಿನಲ್ಲಿ ಪ್ರೊಸೆಸರನ್ನು ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಮಾಡಲಾಗುವುದಿಲ್ಲ, ರ‍್ಯಾಮ್ ವೇಗ ಏರಿಸಬಹುದು. ಬಿ650, ಬಿ850ಯಲ್ಲಿ ಎರಡೂ ನಡೆಯುತ್ತದೆ. ಒಂದು ಹೆಸರಿನ ಬಗ್ಗೆ ಎಚ್ಚರ: ಬಿ840. ಬಿ ಅಕ್ಷರ ಇದೆ, ಸಂಖ್ಯೆಯೂ ಬಿ650ಗಿಂತ ದೊಡ್ಡದು. ಆದರೂ ಇದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ಸವಲತ್ತಿನಲ್ಲಿ ಎ620ಗೇ ಹತ್ತಿರ. ಬಿ650ಗಿಂತ ಹೊಸದು, ಹಾಗಾಗಿ ಮೇಲು ಅಂದುಕೊಂಡು ಹೆಚ್ಚು ದುಡ್ಡು ಕೊಡಬೇಡಿ.

ಇಂಟೆಲ್‌ನಲ್ಲಿ ಎಚ್610 ಕೆಳಗೆ, ಬಿ760 ಮಧ್ಯೆ, ಝಡ್790 ಮೇಲೆ. ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಬೇಕಾದರೆ ಝಡ್ ಬೋರ್ಡೇ ಬೇಕು. ಬಿ760ಯಲ್ಲಿ ರ‍್ಯಾಮ್ ವೇಗ ಏರಿಸಬಹುದು, ಎಚ್610ರಲ್ಲಿ ಅದೂ ಆಗುವುದಿಲ್ಲ, ರ‍್ಯಾಮ್ ಸ್ಲಾಟ್ ಕೂಡ ಎರಡೇ.

ಮೊದಲ ಪಿಸಿಗೆ ಎಕ್ಸ್ ಅಥವಾ ಝಡ್ ಬೋರ್ಡ್ ಬೇಕೇಬೇಕಾದ ಒಬ್ಬರನ್ನೂ ನಾನು ಇನ್ನೂ ನೋಡಿಲ್ಲ. ಕಣ್ಣು ಮುಚ್ಚಿಕೊಂಡು ಬಿ ಸಾಲಿಗೆ ಹೋಗಿ, ಆಮೇಲೆ ಅದರೊಳಗೆ ಕಣ್ಣು ಬಿಟ್ಟು ಆರಿಸಿ.

ವಿಆರ್‌ಎಂ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಅದೇನು, ನಾನು ಹೇಗೆ ನೋಡುವುದು?

ಎಸ್‌ಎಂಪಿಎಸ್, ಅಂದರೆ ಪಿಸಿಯ ಪವರ್ ಸಪ್ಲೈ ಡಬ್ಬಿಯಿಂದ ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಿರುವುದು ಹೆಚ್ಚುಕಡಿಮೆ 1 ವೋಲ್ಟ್, ಆದರೆ ಬಹಳ ಆಂಪಿಯರ್. ಈ ಇಳಿಕೆಯ ಕೆಲಸ ಮಾಡುವ ಸರ್ಕ್ಯೂಟ್ ವಿಆರ್‌ಎಂ. ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಸಾಲಾಗಿ ಕೂತ ಸಣ್ಣ ಚೌಕ ಚೌಕ ಕಾಯಿಲ್‌ಗಳನ್ನು ನೋಡಿದ್ದೀರಲ್ಲ, ಅವೇ. ಕೆಲಸ ಮಾಡುವಾಗ ಬಿಸಿಯಾಗುತ್ತವೆ, ಅದಕ್ಕೆ ಅವುಗಳ ಪಕ್ಕದ ಚಿಪ್‌ಗಳ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂರಿಸಿರುತ್ತಾರೆ. ತೀರಾ ಬಿಸಿಯಾದರೆ ಬೋರ್ಡ್ ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರ್ ವೇಗವನ್ನು ಇಳಿಸಿಬಿಡುತ್ತದೆ. ಏಪ್ರಿಲ್ ಮಧ್ಯಾಹ್ನ, ರಾಯಚೂರಿನಲ್ಲೋ ಕಲಬುರಗಿಯಲ್ಲೋ ಹೊರಗೆ 42 ಡಿಗ್ರಿ ಇರುವಾಗ, ಏಸಿ ಇಲ್ಲದ ಕೋಣೆಯಲ್ಲಿ ಆಡುವವರಿಗೆ ಇದು ಪುಸ್ತಕದ ಮಾತಲ್ಲ.

ಎಷ್ಟು ಬೇಕು ಎಂಬುದು ಪ್ರೊಸೆಸರ್ ಮೇಲೆ ನಿಂತಿದೆ. ರೈಜನ್ 5 7600 ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಎಳೆಯುವುದು ಹೆಚ್ಚೆಂದರೆ 88 ವ್ಯಾಟ್. ಐ5-12400ಎಫ್ ಗರಿಷ್ಠ ಮಿತಿ 117 ವ್ಯಾಟ್. ಐ9-14900ಕೆ 253 ವ್ಯಾಟ್. ಮೊದಲ ಎರಡಕ್ಕೆ ಸಾಧಾರಣ ಬಿ ಬೋರ್ಡ್ ಧಾರಾಳ. ಮೂರನೆಯದನ್ನು ಹೀಟ್‌ಸಿಂಕ್ ಕೂಡ ಇಲ್ಲದ ಎಚ್610 ಮೇಲೆ ಕೂರಿಸುವುದು ಎತ್ತಿನ ಗಾಡಿಗೆ ಲಾರಿ ಲೋಡ್ ಹೇರಿದ ಹಾಗೆ.

ಹೇಗೆ ನೋಡುವುದು ಅಂದಿರಿ. ಬೋರ್ಡಿನ ಫೋಟೋ ದೊಡ್ಡದು ಮಾಡಿ. ಸಾಕೆಟ್ಟಿನ ಪಕ್ಕ ಲೋಹದ ಹೀಟ್‌ಸಿಂಕ್ ಇದೆಯಾ? ಅದು ದಪ್ಪ ಲೋಹವಾ, ಅಂದಕ್ಕೆ ಮುಚ್ಚಿದ ಪ್ಲಾಸ್ಟಿಕ್ಕಾ? ಬೋರ್ಡಿನ ಎಡ ಮೇಲ್ತುದಿಯಲ್ಲಿ ಪ್ರೊಸೆಸರ್ ಪವರ್‌ಗೆ 8 ಪಿನ್ ಕನೆಕ್ಟರ್ ಇದೆಯಾ, 4 ಪಿನ್ನಾ? 4 ಪಿನ್ ಮಾತ್ರ ಇರುವ ಬೋರ್ಡನ್ನು ಗೇಮಿಂಗ್ ಪಿಸಿಗೆ ನಾನು ತಗೊಳ್ಳುವುದಿಲ್ಲ. ಆಮೇಲೆ ಆ ನಿರ್ದಿಷ್ಟ ಬೋರ್ಡಿನ ಹೆಸರು ಹಾಕಿ ವಿಆರ್‌ಎಂ ಉಷ್ಣಾಂಶ ಅಳೆದ ವಿಡಿಯೋ ಹುಡುಕಿ. ‘16 ಫೇಸ್’ (ವಿಆರ್‌ಎಂನ ಸಾಲುಗಳ ಎಣಿಕೆ) ಎಂದು ಡಬ್ಬಿಯ ಮೇಲೆ ಬರೆದ ಸಂಖ್ಯೆಗಿಂತ ಆ ವಿಡಿಯೋದಲ್ಲಿ ಕಂಡ ಡಿಗ್ರಿ ನಂಬಿಗಸ್ತ.

ರ‍್ಯಾಮ್ ವಿಷಯದಲ್ಲಿ ಬೋರ್ಡ್ ನೋಡುವಾಗ ಏನು ಗಮನಿಸಬೇಕು?

ಮೊದಲನೆಯದು, ಡಿಡಿಆರ್4, ಡಿಡಿಆರ್5 ಎರಡು ಬೇರೆ ತಲೆಮಾರಿನ ರ‍್ಯಾಮ್; ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಹೋಗುವುದಿಲ್ಲ, ಡಿಡಿಆರ್5 ಬೋರ್ಡಿಗೆ ಡಿಡಿಆರ್4 ಬರುವುದಿಲ್ಲ. ಎರಡರಲ್ಲೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಎಎಂ4ಗೆ ಡಿಡಿಆರ್4, ಎಎಂ5ಗೂ 1851ಗೂ ಡಿಡಿಆರ್5. ಗೊಂದಲವೆಲ್ಲ 1700ರಲ್ಲಿ. ಬಿ760 ಹೆಸರಿನಲ್ಲೇ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ಹೆಸರಿನ ಬಾಲದಲ್ಲಿ ಒಂದು ‘ಡಿ4’ ಅಷ್ಟೇ ವ್ಯತ್ಯಾಸ. ಅದನ್ನು ಓದದೆ ಆರ್ಡರ್ ಮಾಡಿ, ಎರಡು ಡಬ್ಬಿ ಬಿಚ್ಚಿಕೊಂಡು ಕೂತವರನ್ನು ಕಂಡಿದ್ದೇನೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಹಾಗಾಗಿ ಮನೆಯ ಹಳೆಯ ಪಿಸಿಯಲ್ಲಿ ಒಳ್ಳೆಯ ಡಿಡಿಆರ್4 ಇದ್ದರೆ ಅದಕ್ಕೆ ಹೊಂದುವ ಬೋರ್ಡ್ ತಗೊಳ್ಳುವುದು ಈಗ ಜಾಣತನವೇ.

ಎರಡನೆಯದು, ಒಂದೇ 16 ಜಿಬಿ ಸ್ಟಿಕ್‌ಗಿಂತ 8 ಜಿಬಿಯ ಎರಡು ಸ್ಟಿಕ್ ಆಟದಲ್ಲಿ ಚೆನ್ನಾಗಿ ಓಡುತ್ತವೆ, ಡ್ಯುಯಲ್ ಚಾನಲ್, ಅಂದರೆ ಎರಡು ದಾರಿ ಒಟ್ಟಿಗೆ ಸಿಗುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಬೋರ್ಡಿನ ಮೇಲೇ ಎ2, ಬಿ2 ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ.

ಮೂರನೆಯದು, ಡಿಡಿಆರ್5ನಲ್ಲಿ ನಾಲ್ಕು ಸ್ಲಾಟನ್ನೂ ತುಂಬಿಸುವ ಆಸೆ ಬೇಡ. ಎಎಂ5ನಲ್ಲಿ ನಾಲ್ಕು ಸ್ಟಿಕ್ ಹಾಕಿದಾಗ ಎಎಂಡಿ ಅಧಿಕೃತವಾಗಿ ಭರವಸೆ ಕೊಡುವ ವೇಗ 3600ಕ್ಕೆ ಇಳಿಯುತ್ತದೆ. ರೈಜನ್ 7000 ಸಾಲಿಗೆ 6000 ವೇಗದ ಎರಡು ಸ್ಟಿಕ್ ಹದವಾದ ಜೋಡಿ. ಹೀಗಾಗಿ ಎಎಂ5ನಲ್ಲಿ ಎರಡೇ ಸ್ಲಾಟ್ ಇರುವ ಬೋರ್ಡ್ ಕೂಡ ಅಷ್ಟು ದೊಡ್ಡ ಕೊರತೆಯಲ್ಲ.

ಕೊನೆಯದು ಬಹಳ ಜನ ಮರೆಯುವುದು. 6000 ಎಂದು ಬರೆದ ರ‍್ಯಾಮ್ ಹಾಕಿದರೂ ಬೋರ್ಡ್ ಅದನ್ನು ಮೊದಲಿಗೆ 4800ರಲ್ಲೋ ಅದರ ಆಸುಪಾಸಿನಲ್ಲೋ ಓಡಿಸುತ್ತದೆ. ಬಯೋಸ್ ಒಳಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಿದಾಗಲೇ ನೀವು ಕೊಟ್ಟ ದುಡ್ಡಿನ ವೇಗ ಬರುವುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆದು ಸಂಖ್ಯೆ ನೋಡಿ. ವರ್ಷಗಟ್ಟಲೆ ಕಡಿಮೆ ವೇಗದಲ್ಲಿ ಓಡಿದ ಪಿಸಿಗಳು ಎಷ್ಟೋ.

ಎಟಿಎಕ್ಸ್ ತಗೊಳ್ಳಲಾ, ಮೈಕ್ರೋ ಎಟಿಎಕ್ಸ್ ಸಾಕಾ?

ಎಟಿಎಕ್ಸ್ 305 × 244 ಮಿ.ಮೀ., ಮೈಕ್ರೋ 244 × 244, ಮಿನಿ ಐಟಿಎಕ್ಸ್ 170 × 170. ಚಿಕ್ಕ ಬೋರ್ಡ್ ದೊಡ್ಡ ಕ್ಯಾಬಿನೆಟ್‌ನಲ್ಲಿ ಕೂರುತ್ತದೆ, ದೊಡ್ಡದು ಚಿಕ್ಕದರಲ್ಲಿ ಕೂರುವುದಿಲ್ಲ. ಒಂದು ಗ್ರಾಫಿಕ್ಸ್ ಕಾರ್ಡ್, ಎರಡು ಎಸ್‌ಎಸ್‌ಡಿ ಹಾಕುವವರಿಗೆ ಮೈಕ್ರೋ ಸಾಕು. ಮಿನಿ ಐಟಿಎಕ್ಸ್ ಮೊದಲ ಸಲಕ್ಕೆ ಬೇಡವೇ ಬೇಡ. ಬೆಲೆ ಹೆಚ್ಚು, ಬೆರಳು ಆಡಿಸಲು ಜಾಗ ಕಡಿಮೆ.

ಪಿಸಿಐಇ 4.0, 5.0 ಅಂತ ಇದೆ. 5.0 ಇಲ್ಲದಿದ್ದರೆ ಹೊಸ ಕಾರ್ಡ್ ಹಾಳಾಗುತ್ತದಾ?

ಹಾಳಾಗುವುದಿಲ್ಲ. ಪಿಸಿಐಇ ಅಂದರೆ ಗ್ರಾಫಿಕ್ಸ್ ಕಾರ್ಡ್ ಕೂರುವ ಸ್ಲಾಟಿನ ದಾರಿ, 4.0, 5.0 ಅದರ ತಲೆಮಾರು, ಲೇನ್ ಅಂದರೆ ಆ ದಾರಿಯ ಒಂದೊಂದು ಸಾಲು. ಯಾವ ತಲೆಮಾರಿನ ಕಾರ್ಡ್ ಯಾವ ತಲೆಮಾರಿನ ಸ್ಲಾಟ್‌ನಲ್ಲಿ ಹಾಕಿದರೂ ಇಬ್ಬರಿಗೂ ಒಗ್ಗುವ ವೇಗದಲ್ಲಿ ಓಡುತ್ತದೆ. 4.0ರ 16 ಲೇನ್ ಸ್ಲಾಟ್ ಸೆಕೆಂಡಿಗೆ ಸುಮಾರು 32 ಜಿಬಿ ಸಾಗಿಸುತ್ತದೆ, ಇವತ್ತಿನ ಆಟಗಳಿಗೆ ಧಾರಾಳ.

ಗಮನಿಸಬೇಕಾದ ಒಂದು ಸಂದರ್ಭವಿದೆ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600 ಇಂಥ ಕಾರ್ಡ್‌ಗಳು ನೋಡಲು ಪೂರ್ತಿ ಉದ್ದದ ಸ್ಲಾಟ್‌ನಲ್ಲಿ ಕೂತರೂ ಬಳಸುವುದು 8 ಲೇನ್ ಮಾತ್ರ. ಇವನ್ನು 3.0 ಸ್ಲಾಟ್ ಇರುವ ಎ520 ಅಥವಾ ಬಿ450ರಲ್ಲಿ ಹಾಕಿದರೆ ದಾರಿ ಕಿರಿದಾಗುತ್ತದೆ. ಕಾರ್ಡಿನ ಮೆಮೊರಿ ತುಂಬಿದಾಗ ಆಟ ತಡವರಿಸುತ್ತದೆ. ಎಎಂ4 ತಗೊಳ್ಳುವವರಿಗೆ ನಾನು ಬಿ550 ಎನ್ನುವುದು ಇದಕ್ಕೇ. ಅದರ ಮೇಲೂ ರೈಜನ್ 5 5500 ಅಥವಾ 5600ಜಿ ಹಾಕಿದರೆ 4.0 ಸಿಗುವುದಿಲ್ಲ, ಆ ಪ್ರೊಸೆಸರ್‌ಗಳಿಗೇ 3.0 ಮಿತಿ. 5600 ಹಾಕಿದರೆ ಸಿಗುತ್ತದೆ. ಹೆಸರಿನಲ್ಲಿ ನೂರರ ಅಂತರ, ಒಳಗೆ ಬೇರೆಯದೇ ಚಿಪ್.

ಎಂ.2 ಸ್ಲಾಟ್ ಎಷ್ಟು ಬೇಕು?

ಎರಡು. ಒಂದರಲ್ಲಿ ವಿಂಡೋಸ್ ಮತ್ತು ಈಗಿನ ಆಟಗಳು, ಇನ್ನೊಂದು ಮುಂದೆ. ಒಂದೊಂದು ಆಟ 100 ಜಿಬಿ ದಾಟುವ ಕಾಲ ಇದು, ಎರಡನೇ ಸ್ಲಾಟ್ ಖಂಡಿತ ಬೇಕಾಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ತುಂಬಿಸಿದರೆ ಸಾಟಾ ಪೋರ್ಟ್ (ಕೇಬಲ್‌ನಲ್ಲಿ ಡಿಸ್ಕ್ ಜೋಡಿಸುವ ಜಾಗ) ಒಂದೆರಡು ಕೆಲಸ ನಿಲ್ಲಿಸುತ್ತವೆ. ಮ್ಯಾನುಯಲ್‌ನಲ್ಲಿ ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಮ್ಯಾನುಯಲ್ ಪಿಡಿಎಫ್ ಕಂಪನಿಯ ಸೈಟ್‌ನಲ್ಲಿ ಬಿಟ್ಟಿ ಸಿಗುತ್ತದೆ, ಕೊಳ್ಳುವ ಮೊದಲೇ ಓದಿ.

ವೈಫೈ ಇರುವ ಬೋರ್ಡ್ ಬೇಕಾ?

ರೂಟರ್ ಪಕ್ಕದಲ್ಲೇ ಇದ್ದರೆ ಕೇಬಲ್ ಎಳೆಯಿರಿ. ಆನ್‌ಲೈನ್ ಆಟಕ್ಕೆ ಕೇಬಲ್ಲಿನಷ್ಟು ಸ್ಥಿರವಾದದ್ದು ಇನ್ನೊಂದಿಲ್ಲ. ರೂಟರ್ ಹಾಲ್‌ನಲ್ಲಿ, ಪಿಸಿ ಮಹಡಿಯ ಕೋಣೆಯಲ್ಲಿ ಎಂದಾದರೆ ವೈಫೈ ಬೋರ್ಡ್ ತಗೊಳ್ಳಿ, ಅಥವಾ ಈಗ ಬಿಟ್ಟು ಆಮೇಲೆ ಕಾರ್ಡ್ ಹಾಕಿಕೊಳ್ಳಿ.

ಬೋರ್ಡ್ ಬಂತು, ಹೊಸ ಪ್ರೊಸೆಸರ್ ಹಾಕಿದರೆ ಗುರುತೇ ಹಿಡಿಯುತ್ತಿಲ್ಲ. ಯಾಕೆ?

ಬೋರ್ಡ್ ತಯಾರಾದಾಗ ಆ ಪ್ರೊಸೆಸರ್ ಇನ್ನೂ ಹುಟ್ಟಿರಲಿಲ್ಲ. ಗೋದಾಮಿನಲ್ಲಿ ಕೂತಿದ್ದ ಬಿ650 ಬೋರ್ಡ್ ಮೇಲೆ ರೈಜನ್ 9000, ಬಿ660 ಮೇಲೆ 13 ಅಥವಾ 14ನೇ ತಲೆಮಾರು ಹಾಕುವಾಗ ಹೀಗಾಗುತ್ತದೆ. ಬಯೋಸ್ ಅಪ್‌ಡೇಟ್ ಆಗಬೇಕು. ಆದರೆ ಅಪ್‌ಡೇಟ್ ಮಾಡಲು ಪಿಸಿ ಆನ್ ಆಗಬೇಕಲ್ಲ!

ಇದಕ್ಕೆ ಔಷಧಿ ಬಯೋಸ್ ಫ್ಲ್ಯಾಶ್‌ಬ್ಯಾಕ್. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಕೆಲಸ ಒಂದೇ. ಬೋರ್ಡಿನ ಹಿಂಬದಿಯಲ್ಲಿ ಒಂದು ಪುಟ್ಟ ಬಟನ್, ಪಕ್ಕದಲ್ಲಿ ಗುರುತು ಮಾಡಿದ ಒಂದು ಯುಎಸ್‌ಬಿ ಪೋರ್ಟ್. ಪೆನ್‌ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲನ್ನು ಮ್ಯಾನುಯಲ್ ಹೇಳಿದ ಹೆಸರಿಗೆ ಬದಲಾಯಿಸಿ ಹಾಕಿ, ಎಸ್‌ಎಂಪಿಎಸ್ ಜೋಡಿಸಿ, ಬಟನ್ ಒತ್ತಿ. ದೀಪ ಮಿನುಗಲು ಶುರುವಾಗುತ್ತದೆ. ಅದು ಮಿನುಗುವುದು ನಿಲ್ಲುವವರೆಗೆ ಕರೆಂಟ್ ಹೋಗಬಾರದು, ಹಾಗಾಗಿ ಮನೆಯಲ್ಲಿ ಯುಪಿಎಸ್ ಇದ್ದರೆ ಅದರಲ್ಲೇ ಹಾಕಿ. ಪ್ರೊಸೆಸರ್ ಬೇಡ, ರ‍್ಯಾಮ್ ಬೇಡ. ಎರಡು ಬೋರ್ಡ್‌ಗಳ ನಡುವೆ ತೂಗುತ್ತಿದ್ದರೆ ಈ ಬಟನ್ ಇರುವುದನ್ನೇ ತಗೊಳ್ಳಿ. ಅದಿಲ್ಲದಿದ್ದರೆ ಇನ್ನೊಬ್ಬರ ಹಳೆಯ ಪ್ರೊಸೆಸರ್ ಎರವಲು ತಂದು ಹಾಕಬೇಕಾಗುತ್ತದೆ.

ಅಂಗಡಿಯಲ್ಲಿ ‘ಐ7 ಗೇಮಿಂಗ್ ಪಿಸಿ’ ತುಂಬಾ ಕಡಿಮೆಗೆ ಕೊಡುತ್ತೇನೆ ಅಂದರು. ತಗೊಳ್ಳಲಾ?

ಯಾವ ತಲೆಮಾರಿನ ಐ7 ಎಂದು ಮೊದಲು ಕೇಳಿ. ಹೆಚ್ಚಿನ ಪಾಲು ಅದು 2012ರ ಮೂರನೇ ತಲೆಮಾರು, ಹೊಸ ಡಬ್ಬಿಯಲ್ಲಿ ಬಂದ ಎಚ್61 ಬೋರ್ಡ್, ಡಿಡಿಆರ್3 ರ‍್ಯಾಮ್, ಗಾಜಿನ ಕ್ಯಾಬಿನೆಟ್, ತುಂಬಾ ದೀಪ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಾಗಿರುವುದು ಇಂಟೆಲ್‌ನ 8ನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್‌ಗಳು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಕಾಲದ ಐ7-3770ಗೂ 4 ಕೋರ್, ಐ3-12100ಎಫ್‌ಗೂ 4 ಕೋರ್. ಆದರೆ ಓಟದಲ್ಲಿ ಈ ಐ3ರ ಹತ್ತಿರಕ್ಕೂ ಆ ಐ7 ಬರುವುದಿಲ್ಲ.

ಅಪ್ಪ ಅಮ್ಮ ಕಷ್ಟಪಟ್ಟು ಕೂಡಿಟ್ಟ ದುಡ್ಡಿನಲ್ಲಿ ಇಂಥದ್ದನ್ನು ತಂದು, ಒಂದು ಹೊಸ ಆಟವೂ ಓಡದೆ ಮುಖ ಸಣ್ಣದು ಮಾಡಿಕೊಂಡ ಮಕ್ಕಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಐ7 ಎಂಬ ಹೆಸರಿಗೆ ಮರುಳಾಗಬೇಡಿ. ಅದರ ಮುಂದಿನ ಸಂಖ್ಯೆ ಓದಿ.

ಎಲ್ಲಿ ಕೊಳ್ಳುವುದು? ಎಸ್.ಪಿ. ರೋಡಾ, ಆನ್‌ಲೈನಾ?

ಬೆಂಗಳೂರಿನವರಿಗೆ ಎಸ್.ಪಿ. ರೋಡ್, ಅಂದರೆ ಸಾದರ್ ಪತ್ರಪ್ಪ ರಸ್ತೆ, ಇನ್ನೂ ಒಳ್ಳೆಯ ಜಾಗವೇ. ನಾಲ್ಕು ಅಂಗಡಿ ತಿರುಗಿ, ಪ್ರತಿ ಅಂಗಡಿಯಲ್ಲೂ ಬೋರ್ಡಿನ ಪೂರ್ತಿ ಹೆಸರು ಹೇಳಿ ಬೆಲೆ ಕೇಳಿ. ‘ಬಿ650 ಎಷ್ಟು?’ ಎಂದು ಕೇಳಿದರೆ ಇರುವುದರಲ್ಲಿ ಕೆಳಗಿನ ಬಿ650 ಬೆಲೆ ಹೇಳುತ್ತಾರೆ, ಅದೇ ಕೈಗೆ ಬರುತ್ತದೆ. ಬೇರೆ ಊರಿನವರಿಗೆ ಆನ್‌ಲೈನ್ ಅನುಕೂಲ.

ಎಲ್ಲೇ ಆಗಲಿ, ಜಿಎಸ್‌ಟಿ ಬಿಲ್ ತಗೊಳ್ಳಿ. 18 ಪರ್ಸೆಂಟ್ ಉಳಿಸಲು ಬಿಲ್ ಬೇಡ ಎಂದವರು ಎರಡು ವರ್ಷದ ಮೇಲೆ ಬೋರ್ಡ್ ಕೈಕೊಟ್ಟಾಗ ಪರದಾಡುತ್ತಾರೆ. ನಮ್ಮಲ್ಲಿ ಹೆಚ್ಚಿನ ಬೋರ್ಡ್‌ಗಳಿಗೆ ಮೂರು ವರ್ಷದ ವಾರಂಟಿ ಇರುತ್ತದೆ. ನಿಮ್ಮ ಊರಿಗೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೊಳ್ಳುವ ಮೊದಲೇ ಕಂಪನಿಯ ಸೈಟ್‌ನಲ್ಲಿ ನೋಡಿ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಅಮೆರಿಕದಲ್ಲಿರುವ ಅಣ್ಣ ಅಲ್ಲಿಂದ ತಂದುಕೊಡುತ್ತೇನೆ ಅಂತಿದ್ದಾನೆ. ಓಡುತ್ತದಾ?

ಓಡುತ್ತದೆ. ಗೋಡೆಯ 230 ವೋಲ್ಟಿನ ತಂಟೆ ಎಸ್‌ಎಂಪಿಎಸ್‌ಗೆ ಮಾತ್ರ, ಬೋರ್ಡಿಗೆ ಅಲ್ಲ. ಕಷ್ಟ ಇರುವುದು ವಾರಂಟಿಯಲ್ಲಿ. ಬಹುತೇಕ ಬೋರ್ಡ್‌ಗಳ ವಾರಂಟಿ ಕೊಂಡ ದೇಶಕ್ಕೆ ಸೀಮಿತ. ಪ್ರೊಸೆಸರ್ ತರಿಸಿಕೊಳ್ಳಿ, ಅದು ಕೆಡುವುದು ಅಪರೂಪ. ಬೋರ್ಡನ್ನು ಇಲ್ಲೇ ಕೊಳ್ಳಿ.

13, 14ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳು ಹಾಳಾಗುತ್ತಿದ್ದವಂತೆ. ಬೋರ್ಡಿಗೂ ಅದಕ್ಕೂ ಸಂಬಂಧವಿದೆಯಾ?

ಇದೆ, ಪರಿಹಾರ ಬಯೋಸ್ ಮೂಲಕವೇ ಬಂತು. ಮೇಲ್ದರ್ಜೆಯ ಮಾದರಿಗಳು ಮಿತಿಮೀರಿದ ವೋಲ್ಟೇಜ್ ಕೇಳಿ ಕ್ರಮೇಣ ಅಸ್ಥಿರವಾಗುತ್ತಿದ್ದವು. 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇಂಟೆಲ್ ಹೊಸ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳು) ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅವುಗಳಲ್ಲೊಂದನ್ನು ಹಾಕುವುದಾದರೆ ಮೊದಲ ದಿನವೇ ಬಯೋಸ್ ಹೊಸದು ಮಾಡಿ. ಎಎಂಡಿ ಕಡೆಯೂ 2023ರಲ್ಲಿ ರೈಜನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲೇ ಸುಟ್ಟ ಪ್ರಕರಣಗಳಿದ್ದವು, ಆಗ ಒಂದು ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸಿದರು. ಅದೂ ಬಂದದ್ದು ಬಯೋಸ್ ಅಪ್‌ಡೇಟ್ ಆಗಿಯೇ. ಒಂದು ಕಂಪನಿ ತನ್ನ ಹಳೆಯ ಬೋರ್ಡ್‌ಗಳಿಗೆ ಎಷ್ಟು ದಿನ ಬಯೋಸ್ ಕೊಡುತ್ತಾ ಬಂದಿದೆ ಎಂದು ಅದರ ಸಪೋರ್ಟ್ ಪುಟದಲ್ಲಿ ನೋಡಿ. ನಾನು ಕಂಪನಿಯನ್ನು ಅಳೆಯುವುದು ಅದರಿಂದಲೇ.

ಪ್ರೊಸೆಸರ್ ಕೂರಿಸುವಾಗ ಭಯವಾಗುತ್ತದೆ. ಪಿನ್ ಬಗ್ಗಿದರೆ?

ಭಯಪಡುವುದು ಒಳ್ಳೆಯದೇ. ಎಎಂ5, 1700, 1851 ಮೂರರಲ್ಲೂ ಪಿನ್‌ಗಳಿರುವುದು ಬೋರ್ಡಿನಲ್ಲಿ. ಎಎಂ5ನಲ್ಲಿ 1,718 ಇವೆ, ಒಂದೊಂದೂ ಕೂದಲೆಳೆಯಂಥದ್ದು. ಅವು ಬಗ್ಗಿದರೆ ವಾರಂಟಿ ಸಿಗುವುದಿಲ್ಲ.

ಡಬ್ಬಿ ಬಿಚ್ಚಿದ ಕೂಡಲೇ, ಅಂಗಡಿಯಲ್ಲೇ ಆದರೆ ಅಂಗಡಿಯವರ ಮುಂದೆಯೇ, ಸಾಕೆಟ್ಟಿನ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಪಿನ್ನಿನ ಸಾಲುಗಳು ನೇಯ್ದ ಬಟ್ಟೆಯ ಹಾಗೆ ಒಂದೇ ಸಮನೆ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕೆ ಬೇರೆ ದಿಕ್ಕಿಗೆ ಹೊಳೆದರೆ ಅಲ್ಲಿ ಬಗ್ಗಿದೆ. ಫೋಟೋ ತೆಗೆದಿಡಿ. ಆನ್‌ಲೈನ್ ಆದರೆ ಪಾರ್ಸೆಲ್ ಬಿಚ್ಚುವುದನ್ನೇ ವಿಡಿಯೋ ಮಾಡಿ. ನಾನು ಒಮ್ಮೆ ಹೀಗೆ ಮಾಡದೆ, ಬಂದಾಗಲೇ ಬಗ್ಗಿದ್ದ ಪಿನ್ನಿಗೆ ನಾನೇ ಹೊಣೆ ಎಂಬ ಉತ್ತರ ಪಡೆದೆ. ತೋರಿಸಲು ಕೈಯಲ್ಲಿ ಒಂದು ಫೋಟೋ ಇರಲಿಲ್ಲ.

ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಸರಿಯಾಗಿ ಬರಲಿ. ಅಂಚು ಹಿಡಿದು ಮೇಲಿನಿಂದ ನೇರ ಇಳಿಸಿ, ಬಿಡಿ. ತಳ್ಳಬೇಡಿ, ಸರಿಸಬೇಡಿ. ಆಮೇಲೆ ಸಾಕೆಟ್ಟಿನ ಸನ್ನೆ (ಲಿವರ್) ಎಳೆಯುವಾಗ ಸ್ವಲ್ಪ ಬಲವೇ ಬೇಕು, ಕರ್ ಎಂದು ಸದ್ದೂ ಬರುತ್ತದೆ. ಆ ಸದ್ದಿಗೆ ಹೆದರಿ ನಡುವೆ ಕೈ ಬಿಡಬೇಡಿ, ಅದು ಹಾಗೆಯೇ.

ಬೋರ್ಡ್ ಮುಟ್ಟುವಾಗ ಸ್ಟ್ಯಾಟಿಕ್ ಕರೆಂಟ್ ಭಯ ಬೇಕಾ? ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ.

ಇವು ಎರಡು ಬೇರೆ ವಿಷಯ. ಜೋಡಿಸುವಾಗ ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿಕೊಳ್ಳಿ, ಸಿಂಥೆಟಿಕ್ ಕಂಬಳಿಯ ಮೇಲೆ ಕೂರಬೇಡಿ, ಅಷ್ಟು ಸಾಕು. ಓಡುತ್ತಿರುವ ಪಿಸಿ ಮುಟ್ಟಿದಾಗ ಜುಮ್ ಅಂದರೆ ಮನೆಯ ಆ ಪ್ಲಗ್ಗಿಗೆ ಅರ್ತಿಂಗ್ ಇಲ್ಲ ಎಂದರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸೋರುವ ಅಲ್ಪ ಕರೆಂಟನ್ನು ಭೂಮಿಗೆ ಕಳಿಸಬೇಕಾದ ತಂತಿ ಕಡಿದಿದೆ, ಅದು ನಿಮ್ಮ ಕೈ ಮೂಲಕ ಹೋಗುತ್ತಿದೆ. ಹಳೆಯ ಮನೆಗಳಲ್ಲಿ ಇದು ಬಹಳ ಸಾಮಾನ್ಯ. ಹೊಸ ಬೋರ್ಡಿಗೆ ದುಡ್ಡು ಹಾಕುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿಮಾಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಬಣ್ಣದ ದೀಪದ ಕನೆಕ್ಟರ್ ಹೇಗೆ ಜೋಡಿಸುವುದು?

3 ಪಿನ್ನಿನದು 5 ವೋಲ್ಟ್, 4 ಪಿನ್ನಿನದು 12 ವೋಲ್ಟ್. 5 ವೋಲ್ಟಿನ ಪಟ್ಟಿಯನ್ನು ಒತ್ತಾಯವಾಗಿ 12ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಎಲ್ಲ ಜೋಡಿಸಿದೆ, ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ಬೋರ್ಡ್ ಸತ್ತಿದೆಯಾ?

ಅಕ್ಕನ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದು ಇದಕ್ಕೇ. ‘ಮಾಮ, ಎಲ್ಲ ಹೋಯ್ತು’ ಎಂದ, ದನಿ ನಡುಗುತ್ತಿತ್ತು. ಮೂರು ಸಲ ಆನ್ ಮಾಡಿ ಆಫ್ ಮಾಡಿದ್ದ, ರ‍್ಯಾಮ್ ಕಿತ್ತು ಮತ್ತೆ ಹಾಕಿದ್ದ. ಅವನದ್ದು ಎಎಂ5 ಬೋರ್ಡ್. ಮೊದಲ ಸಲ ಆನ್ ಆದಾಗ ಈ ಬೋರ್ಡ್‌ಗಳು ರ‍್ಯಾಮ್ ಜೊತೆ ಹೊಂದಿಕೊಳ್ಳಲು ಹಲವು ನಿಮಿಷ ತಗೊಳ್ಳುತ್ತವೆ, ಅಷ್ಟೂ ಹೊತ್ತು ಪರದೆ ಕಪ್ಪಗೇ ಇರುತ್ತದೆ. ಪ್ರತಿ ಸಲ ಅವನು ಆಫ್ ಮಾಡಿದಾಗ ಅದು ಮೊದಲಿನಿಂದ ಶುರುಮಾಡುತ್ತಿತ್ತು. ‘ಆನ್ ಮಾಡಿ ಕೈ ಕಟ್ಟಿಕೊಂಡು ಹದಿನೈದು ನಿಮಿಷ ಕೂತ್ಕೋ’ ಎಂದೆ. ಫೋನ್ ಇಡಲಿಲ್ಲ, ಇಬ್ಬರೂ ಸುಮ್ಮನೆ ಕೂತೆವು. ಏಳೆಂಟು ನಿಮಿಷಕ್ಕೆ ‘ಬಂತು ಬಂತು’ ಎಂದು ಕೂಗಿದ. ಹಿಂದಿನಿಂದ ಅಕ್ಕ ಬೈಯುವುದೂ ಕೇಳಿಸಿತು.

ಕಾದರೂ ಬರದಿದ್ದರೆ ಬೋರ್ಡಿನ ಅಂಚಿನಲ್ಲಿರುವ ನಾಲ್ಕು ಸಣ್ಣ ದೀಪ ನೋಡಿ: ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್ (ವಿಂಡೋಸ್ ಇರುವ ಡಿಸ್ಕ್). ಯಾವುದು ಉರಿದು ನಿಂತಿದೆಯೋ ತೊಂದರೆ ಅಲ್ಲಿದೆ. ಡಿರ‍್ಯಾಮ್ ಆದರೆ ಒಂದೇ ಸ್ಟಿಕ್ ಹಾಕಿ ನೋಡಿ. ಪ್ರೊಸೆಸರ್‌ನ 8 ಪಿನ್ ಕೇಬಲ್ ಮರೆತಿದ್ದೀರಾ ನೋಡಿ, ಮೊದಲ ಸಲ ಜೋಡಿಸುವವರು ಮರೆಯುವುದು ಅದನ್ನೇ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆಯಾ, ಬೋರ್ಡಿಗಾ? 12400ಎಫ್, 7500ಎಫ್ ಹೀಗೆ ಎಫ್ ಬಾಲದ ಪ್ರೊಸೆಸರ್‌ಗಳಿಗೆ ಸ್ವಂತ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಂಐ ಅವಕ್ಕೆ ಕೆಲಸ ಮಾಡುವುದಿಲ್ಲ.

ಪಿಸಿ ಓಡುತ್ತಿದೆ, ಆದರೆ ಆಟ ‘ಸೆಕ್ಯೂರ್ ಬೂಟ್ ಆನ್ ಮಾಡಿ’ ಅನ್ನುತ್ತದೆ.

ವಾಲೊರಂಟ್ ಆಟ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡೂ ಭದ್ರತಾ ಸವಲತ್ತುಗಳನ್ನು ಕೇಳುತ್ತದೆ. ಮೇಲೆ ಹೇಳಿದ ಬೋರ್ಡ್‌ಗಳಲ್ಲಿ ಟಿಪಿಎಂಗೆ ಬೇರೆ ಚಿಪ್ ಕೊಳ್ಳಬೇಕಿಲ್ಲ, ಪ್ರೊಸೆಸರ್ ಅಥವಾ ಚಿಪ್‌ಸೆಟ್ ಒಳಗೇ ಇದೆ. ಬಯೋಸ್‌ನಲ್ಲಿ ಎಎಂಡಿಯಾದರೆ ಎಫ್‌ಟಿಪಿಎಂ, ಇಂಟೆಲ್ ಆದರೆ ಪಿಟಿಟಿ ಎಂದು ಹುಡುಕಿ. ಸಿಎಸ್‌ಎಂ (ಹಳೆಯ ರೀತಿಯ ಬೂಟ್ ಬೆಂಬಲ) ಆಫ್ ಮಾಡಿ ಸೆಕ್ಯೂರ್ ಬೂಟ್ ಆನ್ ಮಾಡಿ. ಇದನ್ನು ವಿಂಡೋಸ್ ಹಾಕುವ ಮೊದಲೇ ಮಾಡಿದರೆ ಕೆಲಸ ಸಲೀಸು.

ಬೋರ್ಡಿನ ಡಬ್ಬಿ ಎಸೆಯಬಹುದಾ? ಮನೆಯಲ್ಲಿ ಜಾಗವಿಲ್ಲ.

ಮೂರು ವರ್ಷ ಎಸೆಯಬೇಡಿ. ಸೀರಿಯಲ್ ನಂಬರ್ ಸ್ಟಿಕ್ಕರ್ ಅದರ ಮೇಲಿದೆ. ಎಂ.2 ಸ್ಕ್ರೂಗಳು, ಸಾಟಾ ಕೇಬಲ್, ಬೆಳ್ಳಿ ಬಣ್ಣದ ಆ್ಯಂಟಿಸ್ಟ್ಯಾಟಿಕ್ ಚೀಲ ಎಲ್ಲ ಅದರಲ್ಲೇ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಸಾಕೆಟ್ಟಿನ ಆ ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಪ್ರೊಸೆಸರ್ ಹಾಕಿದಾಗ ಕೈಗೆ ಬಂದದ್ದು. ಅದಿಲ್ಲದೆ ಹೋದರೆ ಸರ್ವಿಸ್ ಸೆಂಟರ್‌ನವರು ಬೋರ್ಡನ್ನು ತೆಗೆದುಕೊಳ್ಳದೆ ವಾಪಸ್ ಕಳಿಸಬಹುದು. ಅದನ್ನು ಒಂದು ಸಣ್ಣ ಕವರ್‌ನಲ್ಲಿ ಹಾಕಿ, ಬಿಲ್ಲಿನ ಜೊತೆ ಪಿನ್ ಮಾಡಿ, ಡಬ್ಬಿಯೊಳಗಿಟ್ಟು ಅಟ್ಟದ ಮೇಲೆ ಹಾಕಿ.